ಮೊದಲು ಇಂಜಿನ್ನು, ಆಮೇಲೆ ಡಿಕೋಡರ್

ಪುಟ್ಟೀ,

ನೀನು ಕಳಿಸಿದ ಫೋಟೊಗಳನ್ನೆಲ್ಲ ನೋಡಿದೆ. ಹಳೆ ಸಾಮಾನಿನ ಸಂತೆಯಲ್ಲಿ ಒಂದೇ ದಿನ ಮೂರು ಆಟಿಕೆ ರೈಲು ಇಂಜಿನ್ನು ಎತ್ತಿಕೊಂಡು ಬಂದಿದ್ದೀಯ, ಭೇಷ್. ಟ್ರೈ-ಆಂಗ್‌ನ ಪುಟ್ಟ ಜಿಂಟಿ, ಟೆಂಡರಿನಲ್ಲಿ ಮೋಟಾರು ಇರುವ ಹಾರ್ನ್‌ಬಿಯ ಮಲಾರ್ಡ್, ಡಬ್ಬದ ಸಮೇತ ಹಾರ್ನ್‌ಬಿ ಡಬ್ಲೋದ ಡಚೆಸ್ ಆಫ್ ಮಾಂಟ್ರೋಸ್. ಮೂರನ್ನೂ ಡಿಜಿಟಲ್ ಪದ್ಧತಿಯಲ್ಲಿ ಓಡಿಸಲೆಂದು ಡಿಕೋಡರ್ ತರಿಸಿಕೊಂಡು, 'ದೊಡ್ಡಪ್ಪ, ಕೆಂಪು ವೈರು ಎಲ್ಲಿಗೆ ಬೆಸೆಯಲಿ?' ಅಂತ ಕೇಳಿದ್ದೀಯ. ಬಲಗಡೆ ಹಳಿಯಿಂದ ಕರೆಂಟು ಎತ್ತುವ ಜಾಗಕ್ಕೆ. ಉತ್ತರ ಅಷ್ಟೇ. ಆದರೆ ನೀನು ಮೊದಲು ಕೇಳಬೇಕಾಗಿದ್ದು ಬೇರೆ: ಈ ಇಂಜಿನ್ನೊಳಗೆ ಕರೆಂಟು ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೊರಟುಹೋಗುತ್ತದೆ? ಅದು ತಿಳಿಯುವ ತನಕ ಡಿಕೋಡರನ್ನು ಡಬ್ಬದಿಂದ ಈಚೆಗೆ ತೆಗೆಯಬೇಡ.

ಕಾರಣ ಹೇಳುತ್ತೇನೆ. ನಿನ್ನ ಮೂರೂ ಇಂಜಿನ್ನು ಹುಟ್ಟಿದ ಕಾಲದಲ್ಲಿ ಹಳಿಗೆ ಎಷ್ಟು ವೋಲ್ಟ್ ಕೊಟ್ಟರೆ ಅಷ್ಟು ಓಟ. ಸೊನ್ನೆಯಿಂದ 12 ವೋಲ್ಟಿನ ತನಕ ಗುಂಡಿ ತಿರುಗಿಸಿದರೆ ವೇಗ ಏರುತ್ತಿತ್ತು. ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದರೆ ಹಿಂದಕ್ಕೆ ಓಡುತ್ತಿತ್ತು. ಡಿಜಿಟಲ್ ಪದ್ಧತಿಯಲ್ಲಿ ಇಂಜಿನ್ನು ನಿಂತಿದ್ದರೂ ಹಳಿಯಲ್ಲಿ 15 ವೋಲ್ಟಿನ ಆಸುಪಾಸು ಇದ್ದೇ ಇರುತ್ತದೆ. ಅದರ ದಿಕ್ಕು ಸೆಕೆಂಡಿಗೆ ಸಾವಿರಾರು ಸಲ ಹಿಂದುಮುಂದಾಗುತ್ತದೆ. ಒಂದೊಂದು ಮಗ್ಗುಲಿಗೆ 58 ಮೈಕ್ರೊಸೆಕೆಂಡ್ ಹಿಡಿದರೆ ಅದು 'ಒಂದು', 100 ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ 'ಸೊನ್ನೆ'. ಅಪ್ಪಣೆಯೆಲ್ಲ ಈ ಒಂದು ಸೊನ್ನೆಗಳಲ್ಲೇ ಹೋಗುವುದು. ಮೇಷ್ಟರು ಹಾಜರಿ ಕೂಗಿದಾಗ ತರಗತಿಯವರೆಲ್ಲ ಕೇಳಿಸಿಕೊಂಡರೂ ಹೆಸರಿನವನೊಬ್ಬನೇ ಎದ್ದು ನಿಲ್ಲುತ್ತಾನಲ್ಲ, ಹಾಗೆ ಹಳಿಯ ಮೇಲಿರುವ ಡಿಕೋಡರ್‌ಗಳಲ್ಲಿ ಯಾವುದರ ನಂಬರು ಬಂತೋ ಅದು ಮಾತ್ರ ಕೆಲಸಕ್ಕೆ ಏಳುತ್ತದೆ.

ಡಿಕೋಡರಿನೊಳಗೆ ಏನಿದೆ? ಹಳಿಯ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಡಯೋಡುಗಳು, ಅಪ್ಪಣೆ ಓದುವ ಒಂದು ಚಿಪ್ಪು, ಮೋಟಾರನ್ನು ಓಡಿಸುವ ನಾಲ್ಕು ಟ್ರಾನ್ಸಿಸ್ಟರುಗಳು. ಈ ನಾಲ್ಕು ಸೇರಿ ಮೋಟಾರಿನ ಎರಡು ತುದಿಗಳನ್ನು ಡಿಕೋಡರಿನ ಒಳಗಿನ ಪ್ಲಸ್ಸಿಗೂ ಮೈನಸ್ಸಿಗೂ ಜೋಡಿಸುತ್ತವೆ, ಬಿಡಿಸುತ್ತವೆ. ಮೋಟಾರಿನ ಯಾವುದಾದರೂ ಒಂದು ತುದಿ ನೇರವಾಗಿ ಹಳಿಗೂ ತಾಗಿತು ಅಂತಿಟ್ಟುಕೋ, ಹಳಿಯ ಅಷ್ಟೂ ಕರೆಂಟು ಒಂದು ಟ್ರಾನ್ಸಿಸ್ಟರಿನ ಮೂಲಕ ನುಗ್ಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಸುಟ್ಟ ವಾಸನೆ. ಹಳೆಯ ಇಂಜಿನ್ನುಗಳಲ್ಲಿ ಈ ತಾಗುವಿಕೆಯನ್ನು ತಯಾರಕರೇ ಬೇಕೆಂದು ಇಟ್ಟಿದ್ದಾರೆ! ಆಗ ಅದು ಜಾಣತನವೇ. ಒಂದು ಕಡೆಯ ಚಕ್ರಗಳಿಂದ ಬಂದ ಕರೆಂಟನ್ನು ಚಾಸಿಯೇ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಕೊಡುವ ಎರಡು ಬ್ರಷ್ಷುಗಳಲ್ಲಿ ಒಂದಕ್ಕೆ ಮುಟ್ಟಿಸುತ್ತದೆ; ಒಂದು ವೈರು ಉಳಿಯಿತು, ಒಂದು ಬೆಸುಗೆ ಉಳಿಯಿತು. ಲಕ್ಷಗಟ್ಟಲೆ ಆಟಿಕೆ ಮಾಡುವವರಿಗೆ ಅದೇ ಲಾಭ. ಅವರು ಉಳಿಸಿದ ಆ ಒಂದು ವೈರನ್ನು ಈಗ ನೀನು ಹಾಕಬೇಕು, ಅಷ್ಟೇ ಈ ಕೆಲಸದ ತಿರುಳು. ಮಿಕ್ಕದ್ದೆಲ್ಲ ಅದರ ಹಿಂದುಮುಂದಿನ ತಯಾರಿ.

ಇನ್ನೊಂದು ಮಾತು, ಮರೆಯುವ ಮುಂಚೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹಾರ್ನ್‌ಬಿಯವರು ಝೀರೊ 1 ಅಂತ ಒಂದು ಪದ್ಧತಿ ತಂದಿದ್ದರು. 16 ಇಂಜಿನ್ನುಗಳನ್ನು ಬೇರೆ ಬೇರೆಯಾಗಿ ಓಡಿಸಬಹುದಿತ್ತು. ಆ ಕಾಲಕ್ಕೆ ದೊಡ್ಡ ಸಾಹಸ. ಆದರೆ ಇವತ್ತಿನ ಪದ್ಧತಿ ಅದರ ಮಗುವಲ್ಲ. ಜರ್ಮನಿಯ ಲೆಂಟ್ಸ್ ಕಂಪನಿ ರೂಪಿಸಿದ್ದನ್ನು ತಳಹದಿಯಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ತೊಂಬತ್ತರ ದಶಕದಲ್ಲಿ ಮಾನಕ ಮಾಡಿತು. ಒಬ್ಬರ ಕಂಟ್ರೋಲರಿಗೆ ಇನ್ನೊಬ್ಬರ ಡಿಕೋಡರ್ ಹೊಂದುವುದು ಅದರಿಂದ. ನಿನ್ನ ಮಲಾರ್ಡ್ ಬಿಚ್ಚಿದಾಗ ಒಳಗೆ ಯಾವುದೋ ಹಳೆಯ ಸರ್ಕ್ಯೂಟು ಕಂಡರೆ ಹೆದರಬೇಡ, ಹಿಂದಿನ ಯಜಮಾನರು ಝೀರೊ 1 ಹಾಕಿಸಿರಬಹುದು. ಅದು ಪೂರ್ತಿ ಹೊರಗೆ ಬರಬೇಕು. ಎರಡೂ ಒಟ್ಟಿಗೆ ಬಾಳುವುದಿಲ್ಲ.

ಈಗ ಜಿಂಟಿಯನ್ನು ಕೈಗೆ ತೆಗೆದುಕೋ. ಮೂರರಲ್ಲಿ ಮೊದಲು ಅದೇ ಆಗಬೇಕು. ಒಳಗಿರುವುದು ಎಕ್ಸ್‌04 ಮೋಟಾರು, ಕಣ್ಣಿಗೆ ಎಲ್ಲವೂ ಕಾಣುವಂಥದ್ದು: ಅಯಸ್ಕಾಂತ, ಸುರುಳಿ ಸುತ್ತಿದ ಆರ್ಮೇಚರು, ಎರಡು ಬ್ರಷ್ಷು, ಅವನ್ನು ಒತ್ತಿ ಹಿಡಿಯುವ ಒಂದೇ ಒಂದು ಬಾಗಿದ ಸ್ಪ್ರಿಂಗು. ಇಂಥ ಮೋಟಾರನ್ನು ನೋಡಿ ಕಲಿತವರಿಗೆ ಮುಂದಿನ ಯಾವ ಮೋಟಾರೂ ಒಗಟಾಗುವುದಿಲ್ಲ. ಇಂದಿನ ಇಂಜಿನ್ನುಗಳಲ್ಲಿ ಮೋಟಾರು ಮುಚ್ಚಿದ ಡಬ್ಬಿ. ಒಳಗಿರುವ ಸಾಕೆಟ್ಟಿಗೆ ಡಿಕೋಡರ್ ಚುಚ್ಚಿದರೆ ಮುಗಿಯಿತು. ಅನುಕೂಲ ಹೌದು, ಆದರೆ ಕಲಿಯುವುದಕ್ಕೆ ಅದರಲ್ಲಿ ಏನೂ ಇಲ್ಲ.

ಮೊದಲು ಸಾದಾ 12 ವೋಲ್ಟಿನಲ್ಲಿ ಓಡಿಸಿ ನೋಡು. ಡಿಕೋಡರ್ ಹಾಕಿದರೆ ಕುಂಟುವ ಇಂಜಿನ್ನು ನೆಟ್ಟಗಾಗುತ್ತದೆ ಅನ್ನುವುದು ಹುಡುಗರಲ್ಲೆಲ್ಲ ಇರುವ ಭ್ರಮೆ. ಆಗುವುದು ಇದಕ್ಕೆ ತಿರುಗುಮುರುಗು. ಹಳೆಯ ಕಂಟ್ರೋಲರಿನಲ್ಲಿ ಒಂದು ಕ್ಷಣ ಸಂಪರ್ಕ ತಪ್ಪಿದರೆ ಇಂಜಿನ್ನು ಸ್ವಲ್ಪ ಮುಗ್ಗರಿಸಿ ಮುಂದೆ ಹೋಗುತ್ತದೆ. ಡಿಜಿಟಲ್‌ನಲ್ಲಿ ಡಿಕೋಡರಿಗೇ ಕರೆಂಟು ತಪ್ಪಿ, ಅದು ಎಚ್ಚರ ತಪ್ಪಿ, ಮತ್ತೆ ಎದ್ದು ಅಪ್ಪಣೆಗೆ ಕಾಯುತ್ತದೆ. ಆದ್ದರಿಂದ ಒಂದು ಸಂಜೆ ಪೂರ್ತಿ ಶುಚಿಗೇ ಇಡು. ಚಕ್ರಗಳಿಗೆ ಅಂಟಿದ ಕರಿ ಜಿಡ್ಡು, ಚಕ್ರದ ಹಿಂಬದಿ ಉಜ್ಜುವ ಕಂಚಿನ ಪಟ್ಟಿಯ ಕೊಳೆ, ಗಟ್ಟಿಯಾಗಿ ಮೇಣವಾಗಿರುವ ಹಳೆಯ ಎಣ್ಣೆ, ಇವೆಲ್ಲ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಬಿಡುತ್ತವೆ. ಬ್ರಷ್ಷು ಉಜ್ಜುವ ಕಮ್ಯುಟೇಟರಿನ ತಾಮ್ರದ ಮೂರು ಹೋಳುಗಳ ನಡುವಿನ ಸಂದನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗಿ. ಅಲ್ಲಿ ತುಂಬಿರುವ ಇಂಗಾಲದ ಪುಡಿಯೂ ಕರೆಂಟು ಹಾಯಿಸುತ್ತದೆ. ಹೋಳಿನಿಂದ ಹೋಳಿಗೆ ಸೋರಿ ಮೋಟಾರು ಸುಮ್ಮನೆ ಬಿಸಿಯಾಗುತ್ತದೆ. ಬ್ರಷ್ಷು ಸವೆದಿದ್ದರೆ ಹೊಸದು ಹಾಕು, ಇಂಗ್ಲೆಂಡಿನಲ್ಲಿ ಈಗಲೂ ಸಿಗುತ್ತದೆ. ಆಮೇಲೆ ಬೇರಿಂಗಿಗೆ ಸೂಜಿಮೊನೆಯಷ್ಟು ಎಣ್ಣೆ. ಕಮ್ಯುಟೇಟರಿಗೆ ಮಾತ್ರ ಒಂದು ತೊಟ್ಟೂ ಬೇಡ.

ಇಷ್ಟು ಮಾಡುವಾಗ ಒಂದು ಎಚ್ಚರಿಕೆ ಇರಲಿ: ಅಯಸ್ಕಾಂತವನ್ನು ಬಿಚ್ಚಬೇಡ, ಆರ್ಮೇಚರನ್ನು ಸುಮ್ಮಸುಮ್ಮನೆ ಈಚೆಗೆ ಎಳೆಯಬೇಡ. ಆ ಕಾಲದ ಅಯಸ್ಕಾಂತ ಅಲ್ನಿಕೊ ಅನ್ನುವ ಲೋಹದ್ದು. ಅಲ್ಯುಮಿನಿಯಂ, ನಿಕ್ಕಲ್ಲು, ಕೋಬಾಲ್ಟ್ ಕಬ್ಬಿಣದ ಜೊತೆ ಬೆರೆತದ್ದು. ತನ್ನ ಎರಡು ಧ್ರುವಗಳ ನಡುವೆ ಕಬ್ಬಿಣದ ದಾರಿ ಇರುವ ತನಕ ಅದು ಬಲವಾಗಿರುತ್ತದೆ. ನಡುವಿನ ಕಬ್ಬಿಣವನ್ನು ತೆಗೆದೆ ಅಂದರೆ ಶಕ್ತಿ ಇಳಿಯುತ್ತದೆ, ವಾಪಸ್ ಇಟ್ಟರೂ ಮರಳಿ ಬರುವುದಿಲ್ಲ. ತೆಗೆಯಲೇಬೇಕಾದರೆ ಆ ಜಾಗಕ್ಕೆ ತಕ್ಷಣ ಒಂದು ಕಬ್ಬಿಣದ ತುಂಡು ಅಡ್ಡ ಕೊಡಬೇಕು. ಅಯಸ್ಕಾಂತ ಸೊರಗಿದ ಮೋಟಾರು ಮೊದಲಿಗಿಂತ ಜೋರಾಗಿ ಓಡಲು ನೋಡುತ್ತದೆ, ಎಳೆಯುವ ತ್ರಾಣ ಇರುವುದಿಲ್ಲ, ಕರೆಂಟು ಮಾತ್ರ ಸಿಕ್ಕಾಪಟ್ಟೆ ಕುಡಿಯುತ್ತದೆ. ಆ ಗುಟ್ಟು ಗೊತ್ತಿಲ್ಲದವರು ಡಿಕೋಡರನ್ನು ಬೈಯುತ್ತಾರೆ. ನಿನ್ನದು ಹಾಗಿದ್ದರೆ ನಿಯೋಡಿಮಿಯಂ ಅಯಸ್ಕಾಂತ ತರಿಸಿ ಹಾಕು. ಅಗ್ಗ, ಅಂಗೈಯಲ್ಲಿ ಕಳೆದುಹೋಗುವಷ್ಟು ಚಿಕ್ಕದು, ಆದರೆ ಫಲ ನೋಡಿದರೆ ಆಶ್ಚರ್ಯಪಡುತ್ತೀಯ.

ಎಷ್ಟು ಕರೆಂಟು ಕುಡಿಯುತ್ತದೆ ಅನ್ನುವುದನ್ನು ಊಹಿಸಬೇಡ, ಅಳೆ. ಮಲ್ಟಿಮೀಟರನ್ನು 10 ಆಂಪಿಯರ್ ಮಟ್ಟಕ್ಕೆ ಇಟ್ಟು ಒಂದು ವೈರಿನ ದಾರಿಯಲ್ಲಿ ಸೇರಿಸು. 12 ವೋಲ್ಟಿನಲ್ಲಿ ಓಡುವಾಗಿನ ಅಂಕಿ ಬರೆದುಕೋ. ಆಮೇಲೆ ಚಕ್ರವನ್ನು ಬೆರಳಲ್ಲಿ ಒಂದೇ ಕ್ಷಣ ಹಿಡಿದು ನಿಲ್ಲಿಸು. ಆಗಿನ ಅಂಕಿಯೇ ಮುಖ್ಯ. ನಿಂತ ಮೋಟಾರು ಬರೀ ಸುರುಳಿ ತಂತಿ, ಅದರ ತಡೆ 12 ಓಮ್ ಇದ್ದರೆ 12 ವೋಲ್ಟಿಗೆ 1 ಆಂಪಿಯರ್ ಹರಿಯುತ್ತದೆ. ನೀನು ತರಿಸಿರುವ ಡಿಕೋಡರ್ ಎಷ್ಟು ತಾಳುತ್ತದೆ ಅಂತ ಅದರ ಚೀಟಿಯಲ್ಲಿ ಓದು. ಡಬಲ್-ಓ ಅಳತೆಯ ಇಂಜಿನ್ನಿಗೆಂದು ಮಾರುವವು ಸಾಮಾನ್ಯವಾಗಿ ನಿರಂತರ 1 ಆಂಪಿಯರ್ ತಡೆಯುತ್ತವೆ. ಜಾಗ ಸಾಲದೆಂದು ಎನ್ ಅಳತೆಯ ಪುಟಾಣಿ ಡಿಕೋಡರನ್ನು ಈ ಮುದಿ ಮೋಟಾರಿಗೆ ಕಟ್ಟುವುದು ದುಡ್ಡಿಗೆ ಬೆಂಕಿ ಇಟ್ಟಂತೆ. ಓಡುವಾಗ ಅರ್ಧ ಆಂಪಿಯರಿನೊಳಗಿದ್ದು, ನಿಂತಾಗ ಡಿಕೋಡರಿನ ಮಿತಿ ಮೀರದಿದ್ದರೆ ಮುಂದುವರಿ. ಇಲ್ಲದಿದ್ದರೆ ಮತ್ತೆ ಶುಚಿಗೆ, ಅಯಸ್ಕಾಂತಕ್ಕೆ ಹಿಂದಿರುಗು.

ಈಗ ಆ ಸ್ಪ್ರಿಂಗು. ಹತ್ತಿರದಿಂದ ನೋಡಿದರೆ ಅದರ ಎರಡು ಕಾಲುಗಳಲ್ಲಿ ಒಂದಕ್ಕೆ ಸಣ್ಣ ಸ್ಲೀವು ತೊಡಿಸಿರುತ್ತಾರೆ. ಸ್ಲೀವು ಇರುವ ಕಡೆಯ ಬ್ರಷ್ಷಿಗೆ ವೈರಿನಲ್ಲಿ ಕರೆಂಟು ಬರುತ್ತದೆ. ಇಲ್ಲದ ಕಡೆಯದು ಸ್ಪ್ರಿಂಗಿನ ಮೂಲಕ ಚಾಸಿಗೆ ಸೇರಿದೆ. ಇನ್ನೊಂದು ಕಾಲಿಗೂ ಅಂಥದೇ ಸ್ಲೀವು ತೊಡಿಸು. ಸಣ್ಣ ವೈರಿನ ಹೊರಕವಚವನ್ನು ಕತ್ತರಿಸಿ ತೊಡಿಸಿದರೂ ನಡೆಯುತ್ತದೆ. ಆಗ ಎರಡು ಬ್ರಷ್ಷೂ ಚಾಸಿಯಿಂದ ಬಿಡುಗಡೆ. ಒಂದಕ್ಕೆ ಕಿತ್ತಳೆ ವೈರು, ಇನ್ನೊಂದಕ್ಕೆ ಬೂದು. ಕೆಂಪು ಮತ್ತು ಕಪ್ಪು ಹಳಿಗೆ ಸೇರಿದವು: ಒಂದು ಕರೆಂಟು ಎತ್ತುವ ಕಂಚಿನ ಪಟ್ಟಿಗೆ, ಇನ್ನೊಂದು ಚಾಸಿಯ ಒಂದು ಸ್ಕ್ರೂವಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ದೀಪಗಳೆಲ್ಲಕ್ಕೂ ಸಾಮಾನ್ಯವಾದ ಪ್ಲಸ್ಸು. ಜಿಂಟಿಗೆ ದೀಪವಿಲ್ಲ, ಆ ಮೂರರ ತುದಿಯನ್ನು ಮುಚ್ಚಿ ಮಡಿಸಿಡು. ಕತ್ತರಿಸಬೇಡ, ನಾಳೆ ಬೇರೆ ಇಂಜಿನ್ನಿಗೆ ಬೇಕಾದೀತು. ಬ್ರಷ್ಷಿನ ಹಳೆಯ ವೈರನ್ನು ಬಿಚ್ಚಿ, ಅದರ ಜೊತೆ ಬೆಸೆದಿರುವ ಕೆಪಾಸಿಟರನ್ನೂ ತೆಗೆದುಹಾಕು. ಅದು ಟೀವಿ ರೇಡಿಯೊಗಳಿಗೆ ತೊಂದರೆಯಾಗದಿರಲೆಂದು ಹಾಕಿದ್ದು. ಡಿಕೋಡರ್ ಮೋಟಾರಿಗೆ ಕರೆಂಟನ್ನು ಅತಿ ವೇಗದ ತುಣುಕುಗಳಲ್ಲಿ ಕೊಡುವುದರಿಂದ ಇಂಥ ಕೆಪಾಸಿಟರು ನಡುವೆ ಕಿತಾಪತಿ ಮಾಡುತ್ತದೆ.

ಬೆಸುಗೆಗೆ ನಲ್ಲಿ ರಿಪೇರಿಯವರ ಆಸಿಡ್ ಫ್ಲಕ್ಸ್ ಬೇಡವೇ ಬೇಡ. ಎಲೆಕ್ಟ್ರಾನಿಕ್ಸ್ ಅಂಗಡಿಯ ರೋಸಿನ್ ತುಂಬಿದ ತಂತಿ ತಾ.

ಎಲ್ಲ ಬೆಸೆಯುವುದಕ್ಕೂ ಮೊದಲು, ಸ್ಲೀವು ತೊಡಿಸಿ ಹಳೆಯ ವೈರು ಬಿಚ್ಚಿದ ಕೂಡಲೇ, ಮೀಟರು ಹಿಡಿ. ಒಂದು ಕಡ್ಡಿ ಬ್ರಷ್ಷಿಗೆ, ಇನ್ನೊಂದು ಎಡ ಚಕ್ರಕ್ಕೆ. ಆಮೇಲೆ ಬಲ ಚಕ್ರಕ್ಕೆ. ಆಮೇಲೆ ಎರಡನೇ ಬ್ರಷ್ಷಿಗೂ ಹಾಗೇ. ಎಲ್ಲೂ ಮೀಟರು ಬೀಪ್ ಅನ್ನಬಾರದು, ಯಾವ ಅಂಕಿಯೂ ಬರಬಾರದು. ಆರ್ಮೇಚರನ್ನು ಬೆರಳಲ್ಲಿ ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸುತ್ತ ನೋಡು, ಯಾಕೆಂದರೆ ಸುರುಳಿಯ ವಾರ್ನಿಷು ಎಲ್ಲೋ ಒಂದು ಕಡೆ ಸವೆದು ಅಲ್ಲಿ ಮಾತ್ರ ತಾಗುತ್ತಿರಬಹುದು. ಬಾಡಿ ಮುಚ್ಚಿದ ಮೇಲೆ ಇನ್ನೊಮ್ಮೆ ನೋಡು. ಬಿಚ್ಚಿಟ್ಟಾಗ ಸರಿಯಿದ್ದು, ಸ್ಕ್ರೂ ಬಿಗಿದಾಗ ಯಾವುದೋ ವೈರು ನಡುವೆ ಸಿಕ್ಕಿ ಜಜ್ಜಿಹೋಗುವುದು ಈ ಕೆಲಸದಲ್ಲಿ ದಿನನಿತ್ಯದ ಕತೆ. ಈ ಪರೀಕ್ಷೆಗೆ ಐದು ನಿಮಿಷ ಸಾಕು. ಬೇಜಾರಾಗುವ ಐದು ನಿಮಿಷ, ನಿಜ. ಇದನ್ನು ಹಾರಿಸಿದವರೇ ಎರಡೆರಡು ಡಿಕೋಡರ್ ಕೊಳ್ಳುವುದು.

ಡಿಕೋಡರ್ ಕೂರುವ ಜಾಗದ ಬಗ್ಗೆ ಕೇಳಿದ್ದೀಯ. ಮೋಟಾರಿನ ಮೇಲೆ ಪ್ಲಾಸ್ಟಿಸಿನ್ ಉಂಡೆ ಇಟ್ಟು ಬಾಡಿ ಕೂರಿಸಿ ತೆಗೆದು ನೋಡು. ಅದು ಎಷ್ಟು ದಪ್ಪಕ್ಕೆ ಅಪ್ಪಚ್ಚಿಯಾಗಿದೆಯೋ ಅಷ್ಟೇ ನಿನಗಿರುವ ಜಾಗ. ಲೋಹ ತಾಗದ ಹಾಗೆ ಚಾಸಿಯ ಮೇಲೆ ಕ್ಯಾಪ್ಟಾನ್ ಟೇಪ್ ಅಂಟಿಸು. ಡಿಕೋಡರಿಗೇ ಸುತ್ತಬೇಡ. ಅದು ಬಿಸಿಯಾಗುತ್ತದೆ, ಗಾಳಿಯಾಡಬೇಕು. ಇನ್ನೂ ಒಂದು ಸಲಹೆ: ವೈರುಗಳನ್ನು ನೇರವಾಗಿ ಡಿಕೋಡರಿಗೆ ಬೆಸೆಯುವ ಬದಲು ಎಂಟು ಪಿನ್ನಿನ ಸಾಕೆಟ್ಟಿಗೆ ಬೆಸೆದು, ಡಿಕೋಡರನ್ನು ಅದಕ್ಕೆ ಚುಚ್ಚು. ಬೇಡವೆನಿಸಿದಾಗ ಡಮ್ಮಿ ಪ್ಲಗ್ ಚುಚ್ಚಿದರೆ ಇಂಜಿನ್ನು ಮತ್ತೆ ಹಳೆಯ 12 ವೋಲ್ಟಿಗೇ ಓಡುತ್ತದೆ.

ಮೊದಲ ಸಲ ಹಳಿಗಿಡುವಾಗ ಮುಖ್ಯ ಹಳಿಗೆ ಇಡಬೇಡ, ಡಿಕೋಡರಿನ ಹೊಂದಿಕೆಗಳನ್ನು ಓದಿ ಬರೆಯಲೆಂದೇ ಪ್ರತ್ಯೇಕವಾಗಿರುವ ಪ್ರೋಗ್ರಾಮಿಂಗ್ ಹಳಿಗೆ ಇಡು. ಅಲ್ಲಿ ಕರೆಂಟನ್ನು ಕಡಿವಾಣ ಹಾಕಿ ಕೊಡುವುದರಿಂದ ತಪ್ಪಿದ್ದರೂ ಡಿಕೋಡರ್ ಬದುಕಿ ಉಳಿಯುವ ಸಂಭವ ಹೆಚ್ಚು. ಹೊಂದಿಕೆಯ ಒಂದೊಂದು ಸಂಖ್ಯೆ ಕೂತಿರುವ ಜಾಗಕ್ಕೆ ಸಿವಿ ಅನ್ನುತ್ತಾರೆ; ಸಿವಿ 8 ಓದು. ತಯಾರಕರ ಸಂಖ್ಯೆ ಬಂದರೆ ಹಳಿಯಿಂದ ಡಿಕೋಡರಿನ ತನಕ ದಾರಿ ಸರಿಯಿದೆ, ಮೋಟಾರೂ ಸೇರಿಕೊಂಡಿದೆ ಅಂತ ಅರ್ಥ. ಯಾಕೆಂದರೆ ಡಿಕೋಡರ್ ಉತ್ತರ ಕೊಡುವುದು ಮೋಟಾರಿಗೆ ಕ್ಷಣಕಾಲ ಕರೆಂಟು ಹರಿಸಿ. ಇಂಜಿನ್ನು ಅಲ್ಲಿ ಸ್ವಲ್ಪ ಮಿಸುಕಿದರೆ ಗಾಬರಿಯಾಗಬೇಡ. ಏನೂ ಬರದಿದ್ದರೆ ಮುಖ್ಯ ಹಳಿಗೆ ಇಟ್ಟು 'ನೋಡೋಣ' ಅನ್ನುವ ಆಸೆ ಬರುತ್ತದೆ. ಬೇಡ. ಮತ್ತೆ ಮೀಟರು.

ಹೊಸ ಡಿಕೋಡರಿನ ನಂಬರು 3 ಇರುತ್ತದೆ, ಸಿವಿ 1ರಲ್ಲಿ ಬದಲಿಸಿಕೋ. ಸಿವಿ 2 ಹೊರಡುವಾಗಿನ ವೋಲ್ಟೇಜು, ಸಿವಿ 3 ವೇಗ ಏರುವ ನಿಧಾನ, ಸಿವಿ 4 ಇಳಿಯುವ ನಿಧಾನ. ಜಿಂಟಿ ಮುಂದಕ್ಕೆ ಅಂದರೆ ಹಿಂದಕ್ಕೆ ಹೋದರೆ ಕಿತ್ತಳೆ, ಬೂದು ವೈರುಗಳನ್ನು ಅದಲುಬದಲು ಮಾಡು. ಅಥವಾ ಸಿವಿ 29ರಲ್ಲಿ 6 ಇರುವುದನ್ನು 7 ಮಾಡಿದರೂ ಆದೀತು, ದೀಪವಿಲ್ಲದ ಇಂಜಿನ್ನಿಗೆ ಎರಡೂ ಒಂದೇ. ಅದೇ ಜಾಗದಲ್ಲಿ 2 ಬರೆದರೆ ಹಳೆಯ 12 ವೋಲ್ಟಿನ ಹಳಿಯಲ್ಲಿ ಓಡುವುದನ್ನು ಅದು ನಿಲ್ಲಿಸಿಬಿಡುತ್ತದೆ. ಡಿಜಿಟಲ್ ಹಳಿಯಲ್ಲಿ ಇಂಜಿನ್ನು ಇದ್ದಕ್ಕಿದ್ದ ಹಾಗೆ ಪೂರ್ತಿ ವೇಗದಲ್ಲಿ ಓಡಿಹೋಗುವ ಚಾಳಿ ತೋರಿದರೆ ಇದೊಂದು ಮದ್ದು.

ಹಳೆಯ ಮೋಟಾರಿಗೆ ಬಹಳ ಸಲ ಕಿರಿಕಿರಿ ಮಾಡುವುದು ಬ್ಯಾಕ್ ಇಎಂಎಫ್. ಡಿಕೋಡರ್ ನಡುನಡುವೆ ಕರೆಂಟು ನಿಲ್ಲಿಸಿ, ಉರುಳುತ್ತಿರುವ ಮೋಟಾರು ತಾನೇ ಹುಟ್ಟಿಸುವ ವೋಲ್ಟೇಜನ್ನು ಅಳೆದು ವೇಗ ಸರಿಪಡಿಸುತ್ತದೆ. ಆರ್ಮೇಚರಿಗೆ ಐದು ಕಂಬಗಳಿರುವ ಹೊಸ ಮೋಟಾರಿನಲ್ಲಿ ಇದು ಚೆನ್ನ. ಮೂರು ಕಂಬದ ಹಳೆ ಮೋಟಾರು ಒಂದೊಂದು ಸುತ್ತಿಗೂ ಏರುಪೇರಿನ ವೋಲ್ಟೇಜು ಕೊಡುವುದರಿಂದ ಡಿಕೋಡರ್ ಗಲಿಬಿಲಿಗೊಂಡು ಇಂಜಿನ್ನನ್ನು ಕುಲುಕಾಡಿಸುತ್ತದೆ. ಇದನ್ನು ತಗ್ಗಿಸುವ ಸಿವಿಗಳು ಕಂಪನಿಯಿಂದ ಕಂಪನಿಗೆ ಬೇರೆ, ಕೈಪಿಡಿ ನೋಡಿ ತಗ್ಗಿಸು. ಅದಕ್ಕೂ ಬಗ್ಗದಿದ್ದರೆ ಪೂರ್ತಿ ಆರಿಸು. ನನ್ನ ಕಿವಿಯನ್ನು ಕೇಳಿದರೆ, ಟ್ರೈ-ಆಂಗ್ ಇಂಜಿನ್ನಿಗೆ ಅದರ ಗರಗರ ಸದ್ದೇ ಚೆಂದ. ಸದ್ದು ಹೊರಡಿಸುವ ದುಬಾರಿ ಡಿಕೋಡರನ್ನು ಅದರ ಮೇಲೆ ಸುರಿಯುವವರನ್ನು ಕಂಡರೆ ನಗು ಬರುತ್ತದೆ. ಗೇರಿನ ಗಲಾಟೆಯಲ್ಲಿ ಹಬೆಯ ಸದ್ದು ಯಾರಿಗೆ ಕೇಳಬೇಕು?

ಡಚೆಸ್ಸಿಗೆ ಮಾತ್ರ ಕೈ ಹಚ್ಚಬೇಡ ಕಣಮ್ಮ. ಲಿವರ್‌ಪೂಲಿನ ಬಿನ್ಸ್ ರೋಡಿನ ಮೆಕ್ಯಾನೊ ಕಾರ್ಖಾನೆಯವರು 1938ರಲ್ಲಿ ಡಬ್ಲೋ ಶುರುಮಾಡಿದಾಗ ಮೂರು ಹಳಿಯ ಪದ್ಧತಿ ಹಿಡಿದರು. ಕರೆಂಟು ನಡುವಿನ ಹಳಿಯಲ್ಲಿ ಬಂದು ಹೊರಗಿನ ಎರಡರಲ್ಲೂ ವಾಪಸ್ ಹೋಗುತ್ತದೆ. 1959ರ ತನಕ ಅವರ ದಾರಿ ಅದೇ ಆಗಿತ್ತು. ಆದ್ದರಿಂದ ನಿನ್ನ ಡಚೆಸ್ಸಿನ ಎಡ ಬಲ ಚಕ್ರಗಳ ನಡುವೆ ಯಾವ ತಡೆಯೂ ಇಲ್ಲ, ಎಲ್ಲ ಬರೀ ಲೋಹ. ನಿನ್ನ ಎರಡು ಹಳಿಯ ಮೇಲೆ ಇಟ್ಟ ಕೂಡಲೇ ಹಳಿಗಳನ್ನೇ ಒಂದಕ್ಕೊಂದು ಜೋಡಿಸಿದಂತೆ, ಕಂಟ್ರೋಲರು ಆ ಕ್ಷಣ ಟ್ರಿಪ್ ಆಗುತ್ತದೆ. ಎರಡು ಹಳಿಗೆ ತರಬೇಕಾದರೆ ಚಕ್ರಗಳನ್ನೇ ಬದಲಿಸಬೇಕು. ಮೂರು ಹಳಿಯಲ್ಲೇ ಡಿಜಿಟಲ್ ಮಾಡಬಹುದು, ಮಾಡಿದವರಿದ್ದಾರೆ. ಆದರೆ ಬಣ್ಣ ಮಾಸದ, ಡಬ್ಬವೂ ಉಳಿದಿರುವ ಇಂಜಿನ್ನಿನ ಒಳಗನ್ನು ಒಮ್ಮೆ ಕತ್ತರಿಸಿದರೆ ಅದನ್ನು ಹುಡುಕಿಕೊಂಡು ಬರುವವರಿಗೆ ಅದರ ಬೆಲೆ ಹೋಯಿತು. ಹಳೆಯ ಡಬ್ಲೋ ಹಳಿ ಅದೇ ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಂದು ಸುತ್ತಿಗಾಗುವಷ್ಟು ತಂದು, ಸಾದಾ ಕಂಟ್ರೋಲರಿನಲ್ಲಿ ಅದರ ಪಾಡಿಗೆ ಅದು ಓಡಲಿ. ಅಪ್ಪಿತಪ್ಪಿಯೂ ಡಿಕೋಡರಿಲ್ಲದ ಇಂಜಿನ್ನನ್ನು ಡಿಜಿಟಲ್ ಹಳಿಯ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡ. ನಿಂತಲ್ಲೇ ಝೇಂಕರಿಸುತ್ತ ಬಿಸಿಯಾಗುತ್ತಿರುತ್ತದೆ.

ಮಲಾರ್ಡ್ ಎರಡನೆಯದಾಗಲಿ. ನಿಜವಾದ ಮಲಾರ್ಡ್ 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಹಬೆ ಇಂಜಿನ್ನುಗಳ ದಾಖಲೆ ಮಾಡಿದಾಗ ಅದರ ಟೆಂಡರು ಕಲ್ಲಿದ್ದಲು ನೀರು ಹೊತ್ತು ಹಿಂದೆ ಬರುತ್ತಿತ್ತು. ನಿನ್ನದರಲ್ಲಿ ಟೆಂಡರೇ ಇಂಜಿನ್ನನ್ನು ನೂಕುತ್ತದೆ! ಒಂದು ಹಳಿಯ ಕರೆಂಟು ಇಂಜಿನ್ನಿನಿಂದ, ಇನ್ನೊಂದರದು ಟೆಂಡರಿನಿಂದ ಬರುವ ಏರ್ಪಾಡು. ರಬ್ಬರು ಪಟ್ಟಿ ತೊಟ್ಟ ಚಕ್ರಗಳಿಂದ ಏನೂ ಬಾರದು. ಹೀಗಾಗಿ ಎತ್ತುವ ಚಕ್ರಗಳೇ ಕಡಿಮೆ. ಎರಡೂ ಭಾಗಗಳಿಗೆ ಇನ್ನಷ್ಟು ಕಂಚಿನ ಪಟ್ಟಿ ಸೇರಿಸಿ, ನಡುವೆ ತೆಳ್ಳನೆಯ ಬಳುಕುವ ವೈರು ಎಳೆಯದೆ ಡಿಜಿಟಲ್ ಸುಖ ಕೊಡುವುದಿಲ್ಲ. ಅದರ ರಿಂಗ್‌ಫೀಲ್ಡ್ ಮೋಟಾರಿನಲ್ಲೂ ಒಂದು ಬ್ರಷ್ಷಿಗೆ ವೈರು ಕಾಣುತ್ತದೆ, ಇನ್ನೊಂದಕ್ಕೆ ಕಾಣುವುದಿಲ್ಲ; ಕಾಣದ್ದು ಲೋಹದ ಮೈಯಿಂದ ಕರೆಂಟು ಪಡೆಯುತ್ತಿದೆ. ಆದರೆ ಈ ಮೋಟಾರಿನಲ್ಲಿ ತಯಾರಾದ ಕಾಲಕ್ಕೆ ತಕ್ಕಂತೆ ಬಗೆಗಳಿವೆ. ಎಲ್ಲಿ ತಾಗಿದೆ, ಏನನ್ನು ಬಿಡಿಸಬೇಕು ಅನ್ನುವುದನ್ನು ನಿನ್ನ ಫೋಟೊ ನೋಡಿ ಹೇಳುವ ಧೈರ್ಯ ನನಗಿಲ್ಲ. ಬಿಚ್ಚುವಾಗ ಒಂದೊಂದು ಹಂತಕ್ಕೂ ಫೋಟೊ ತೆಗಿ, ತೆಗೆದ ಸ್ಕ್ರೂ, ಕ್ಲಿಪ್ಪುಗಳನ್ನು ಚೀಟಿ ಬರೆದು ಪೊಟ್ಟಣದಲ್ಲಿಡು. ಜಿಂಟಿಯ ಎರಡು ಅಂಕಿಗಳನ್ನು, ಓಡುವಾಗಿನದು ಮತ್ತು ಹಿಡಿದಾಗಿನದು, ಮೊದಲು ಕಳಿಸು. ಮಲಾರ್ಡ್‌ನ ಬ್ರಷ್ಷಿಗೂ ಚಕ್ರಕ್ಕೂ ಮೀಟರು ಹಿಡಿದು ಏನು ಬಂತೆಂದು ಆಮೇಲೆ ಫೋನು ಮಾಡು.